ಹಳೆಯ ಮನೆತನದ ಹೊಸ ನಂಟು

2010ರ ಮೇ ತಿಂಗಳಿನಲ್ಲಿ, ಬೆಂಗಳೂರಿನ ರೇವಾ ಎಂಬ ಪುಟ್ಟ ವಿದ್ಯುತ್ ಕಾರಿನ ಸಂಸ್ಥೆಯ ಅರ್ಧಕ್ಕಿಂತ ಮಿಗಿಲಾದ ಪಾಲು ಮಹೀಂದ್ರದವರ ವಶವಾದ ವಾರ್ತೆಯನ್ನು ನಾವು ಓದುತ್ತಿರುವಾಗಲೇ, ಅತ್ತ ಕ್ಯಾಲಿಫೋರ್ನಿಯದಲ್ಲಿ ಟೊಯೋಟದಂತಹ ಘನವಾದ ಸಂಸ್ಥೆಯು, ಅದುವರೆಗೆ ಒಂದು ವರ್ಷದ ಲಾಭವನ್ನೂ ಕಾಣದಿದ್ದ ಟೆಸ್ಲಾದಲ್ಲಿ 5 ಕೋಟಿ ಡಾಲರುಗಳನ್ನು ತೊಡಗಿಸಲು ಸಮ್ಮತಿಸಿತು. ಟೊಯೋಟ ಮತ್ತು ಜನರಲ್ ಮೋಟರ್ಸ್ 1984ರಿಂದ ಜಂಟಿಯಾಗಿ ನಡೆಸತೊಡಗಿದ್ದ, ಆ ಏಪ್ರಿಲಿನಲ್ಲಷ್ಟೇ ಬೀಗ ಬಿದ್ದಿದ್ದ ಫ್ರೀಮಾಂಟಿನ ವಿಶಾಲ ಕಾರ್ಖಾನೆಯು 4.2 ಕೋಟಿ ಡಾಲರಿಗೆ ಟೆಸ್ಲಾದ ಕೈಸೇರಿದುದೂ ಆ ಸಂಧಿಕಾಲದಲ್ಲಿಯೇ. ಟೊಯೋಟದ ಒಡಲಿಗೆ ಟೆಸ್ಲಾದ ಬ್ಯಾಟರಿ, ಮೋಟಾರುಗಳನ್ನು ಜೋಡಿಸಿ ಹೊರತಂದ ವಿದ್ಯುತ್ ರಾವ್-4 ಆದರೋ ಸುಮಾರು 2,500ರ ಸಂಖ್ಯೆಗೆ ನಿಂತುಹೋಯಿತು. ಕಾರ್ಖಾನೆ ಮಾತ್ರ ಟೆಸ್ಲಾದ ಭಾಗ್ಯದ ಬಾಗಿಲಾಯಿತು. 2016ರ ಅಂತ್ಯಕ್ಕೆ ಟೊಯೋಟ ತನ್ನ ಪಾಲನ್ನೆಲ್ಲ ಮಾರಿ ಹೊರನಡೆದಿತ್ತು. ಜಾಣರೂ ಒಮ್ಮೊಮ್ಮೆ ಅವಸರಪಡುವರು!

ಈಗ ಗಾಳಿ ತಿರುಗಿದೆ. ಕಾರಿನ ಮೂಲೆಮೂಲೆಯಲ್ಲಿ ಚದುರಿರುವ ಗಣಕಗಳನ್ನು ಕೆಲವೇ ಕೆಲವಕ್ಕೆ ಇಳಿಸಿ, ತಂತಿಗಳ ಗೋಜಲನ್ನು ತಗ್ಗಿಸುವ ತಂತ್ರಾಂಶದ ವಿದ್ಯೆಗಾಗಿ, ಜರ್ಮನಿಯ ಫೋಕ್ಸ್‌ವ್ಯಾಗನ್ 2024ರಲ್ಲಿ ಅಮೆರಿಕದ ಎಳೆಯ ವಿದ್ಯುತ್ ವಾಹನ ಸಂಸ್ಥೆಯಾದ ರಿವಿಯನ್‌ಗೆ 580 ಕೋಟಿ ಡಾಲರುಗಳವರೆಗೆ ಕೊಡಲೊಪ್ಪಿತು. ಈ ನಂಟು ಬಾಳೀತೆಂದು ನನಗನಿಸುವುದು, ಒಬ್ಬರಿಗೆ ಹಣದ ತುರ್ತೂ ಇನ್ನೊಬ್ಬರಿಗೆ ವಿದ್ಯೆಯ ತುರ್ತೂ ಸಮಸಮವಾಗಿರುವುದರಿಂದ.