ಅಳತೆ ಕಳೆದುಕೊಂಡ ಗಳಿಗೆ

‘ಅರೆಗಳಿಗೆ ಕೂತು ಹೋಗಬಾರದೆ?’ ಎಂದು ಇವತ್ತಿಗೂ ನಮ್ಮ ಮನೆಗಳಲ್ಲಿ ಕೇಳುತ್ತಾರೆ. ಮದುವೆಯ ಮಾತು ಬಂದರೆ ‘ಒಳ್ಳೇ ಗಳಿಗೆ ಕೂಡಿಬರಲಿ’ ಅನ್ನುತ್ತಾರೆ. ಅರೆಗಳಿಗೆ ಎಂದರೆ ಎಷ್ಟು ಹೊತ್ತು ಎಂದು ಅವರನ್ನೇ ಕೇಳಿನೋಡಿ, ‘ಸ್ವಲ್ಪ ಹೊತ್ತು’ ಎಂಬ ಉತ್ತರ ಬರುತ್ತದೆ. ಹನ್ನೆರಡು ನಿಮಿಷ ಎಂದು ಹೇಳಬಲ್ಲವರು ತೀರಾ ಕಡಿಮೆ. ಒಂದು ಕಾಲಕ್ಕೆ ಗಳಿಗೆ ನಮ್ಮ ಜ್ಯೋತಿಶ್ಶಾಸ್ತ್ರದ ಖಚಿತ ಮಾನವಾಗಿತ್ತು. ಈಗ ಅದರೊಳಗಿನ ಅಳತೆ ಸೋರಿಹೋಗಿದೆ, ಹೆಸರಷ್ಟೇ ಬಾಯಲ್ಲಿದೆ. ಇದು ನನಗೆ ನಿಜಕ್ಕೂ ಸಂಕಟದ ವಿಷಯ.

ಲೆಕ್ಕವೇನೂ ಕಷ್ಟದ್ದಲ್ಲ. ಇಂದಿನ ಸೂರ್ಯೋದಯದಿಂದ ನಾಳಿನ ಸೂರ್ಯೋದಯಕ್ಕೆ 60 ಗಳಿಗೆ. ಒಂದು ಗಳಿಗೆಗೆ 24 ನಿಮಿಷ, ಗಂಟೆಗೆ ಎರಡೂವರೆ ಗಳಿಗೆ. ಎರಡು ಗಳಿಗೆಗೆ ಒಂದು ಮುಹೂರ್ತ, ಏಳೂವರೆ ಗಳಿಗೆಗೆ ಒಂದು ಜಾವ. ಗಳಿಗೆಯನ್ನು ಮತ್ತೆ 60 ಪಾಲು ಮಾಡಿದರೆ ಸಿಗುವುದು ವಿಗಳಿಗೆ. ಆರು ಉಸಿರು ಸೇರಿದರೆ ಒಂದು ವಿಗಳಿಗೆ ಎನ್ನುತ್ತದೆ ಸೂರ್ಯಸಿದ್ಧಾಂತ. ಆ ಉಸಿರಿನ ಹೆಸರೇ ‘ಪ್ರಾಣ’, ನಮ್ಮ ಇವತ್ತಿನ ನಾಲ್ಕು ಸೆಕೆಂಡು. ಹೀಗೆ ಎಣಿಸಿದರೆ ದಿನಕ್ಕೆ 21,600 ಪ್ರಾಣ. ವೃತ್ತಕ್ಕೆ 360 ಭಾಗ, ಭಾಗಕ್ಕೆ 60 ಕಲೆ. ಗುಣಿಸಿದರೆ ಅದೂ 21,600! ಮನುಷ್ಯ ಒಮ್ಮೆ ಉಸಿರೆಳೆದು ಬಿಡುವಷ್ಟರಲ್ಲಿ ತಲೆಯ ಮೇಲಿನ ನಕ್ಷತ್ರಮಂಡಲ ಒಂದು ಕಲೆ ಸರಿದಿರುತ್ತದೆ. ಆರ್ಯಭಟ ಇದನ್ನು ಬರೆದು ಸಾವಿರದೈನೂರು ವರ್ಷಗಳಾದವು. ಪ್ರತಿ ಸಲ ನೆನೆದಾಗಲೂ ನನಗೆ ಮೈ ನವಿರೇಳುತ್ತದೆ. ಅವನೇ ಕೊಟ್ಟ ಇನ್ನೊಂದು ಲೆಕ್ಕವಿದೆ: 60 ಗುರು ಅಕ್ಷರಗಳನ್ನು ಉಚ್ಚರಿಸುವ ಹೊತ್ತೇ ಒಂದು ವಿಗಳಿಗೆ. ಶಾಲೆಯಲ್ಲಿ ಷಟ್ಪದಿಗೆ ಪ್ರಸ್ತಾರ ಹಾಕಿ ಗುರು-ಲಘು ಗುರುತಿಸಿದ್ದೇವಲ್ಲ, ಅದೇ ಗುರು ಆಕಾಶವನ್ನೂ ಅಳೆಯುತ್ತಿತ್ತು.

ಅಳೆಯುವ ಸಾಧನ ಗಳಿಗೆ ಬಟ್ಟಲು. ತೆಳು ತಾಮ್ರದ ಬಟ್ಟಲು, ತಳದಲ್ಲಿ ಸಣ್ಣ ತೂತು. ನೀರು ತುಂಬಿದ ದೊಡ್ಡ ಪಾತ್ರೆಯಲ್ಲಿ ತೇಲಿಬಿಟ್ಟರೆ ತೂತಿನಿಂದ ನೀರೇರಿ, ಬಟ್ಟಲು ತುಂಬಿ ಮುಳುಗುವಾಗ ಒಂದು ಗಳಿಗೆ ಮುಗಿದಿರುತ್ತದೆ. ಹಗಲು ರಾತ್ರಿ ಸೇರಿ ಸರಿಯಾಗಿ 60 ಸಲ ಮುಳುಗಿದರೆ ಬಟ್ಟಲು ಶುದ್ಧ. ಮದುವೆಮನೆಯಲ್ಲಿ ಪುರೋಹಿತರು ಮುಹೂರ್ತಕ್ಕೆ ಕಾಯುತ್ತಿದ್ದುದು ಇದರ ಮುಂದೆಯೇ. ಭಾಸ್ಕರಾಚಾರ್ಯನ ಮಗಳು ಲೀಲಾವತಿ ಬಗ್ಗಿ ನೋಡುವಾಗ ಮುತ್ತೊಂದು ಜಾರಿ ತೂತು ಮುಚ್ಚಿತು, ಲಗ್ನದ ಹೊತ್ತು ಮೀರಿತು ಎಂಬ ಕಥೆ ಎಲ್ಲರಿಗೂ ಗೊತ್ತು. ಕಥೆ ದಂತಕಥೆಯಿರಬಹುದು, ಬಟ್ಟಲು ನಿಜ.

ನಮ್ಮ ಮನೆಯಲ್ಲಿ ಬಟ್ಟಲಿರಲಿಲ್ಲ, ಪಂಚಾಂಗವಿತ್ತು. ‘ದಶಮಿ ಎಷ್ಟು ಗಳಿಗೆ ಇದೆ ನೋಡಿ’ ಎಂದು ಅಜ್ಜಿ ಒಳಗಿನಿಂದಲೇ ಕೇಳುತ್ತಿದ್ದರು. ತಾತ ಕನ್ನಡಕ ಏರಿಸಿ ‘ಹದಿನೆಂಟು ಗಳಿಗೆ’ ಅನ್ನುತ್ತಿದ್ದರು. ಅಷ್ಟು ಸಾಕಿತ್ತು. ಅಜ್ಜಿ ಗಡಿಯಾರದ ಕಡೆ ನೋಡಿದ್ದು ನನಗೆ ನೆನಪಿಲ್ಲ, ಅಂಗಳದ ತುಳಸಿಕಟ್ಟೆಯ ನೆರಳು ಎಲ್ಲಿಗೆ ಬಂದಿದೆ ಎಂದು ನೋಡುತ್ತಿದ್ದರು. ಅವರ ದಿನ ಸೂರ್ಯನ ಜೊತೆ ಹುಟ್ಟುತ್ತಿತ್ತು. ನಮ್ಮದು ಎಲ್ಲರೂ ಮಲಗಿರುವ ನಡುರಾತ್ರಿ ಹುಟ್ಟುತ್ತದೆ.

ಗಳಿಗೆಯ ದೊಡ್ಡ ಗುಣವೇ ಅದು. ಅದರ ಎಣಿಕೆ ಶುರುವಾಗುವುದು ನಾವಿರುವ ಊರಿನ ಸೂರ್ಯೋದಯದಿಂದ. ಕೋಲಾರದಲ್ಲಿ ಮೂಡಿದ ಸೂರ್ಯ ಮಂಗಳೂರಿಗೆ ಕಾಣಿಸಲು ಸುಮಾರು ಅರ್ಧ ಗಳಿಗೆ ಬೇಕು. 1906ರಲ್ಲಿ ದೇಶಕ್ಕೆಲ್ಲ ಒಂದೇ ಕಾಲಮಾನ ಬಂತು. ರೈಲಿಗೆ, ತಂತಿಗೆ ಅದು ಬೇಕೇ ಇತ್ತು, ಒಪ್ಪುತ್ತೇನೆ. ಅಂದಿನಿಂದ ಮಂಗಳೂರಿನ ಸೂರ್ಯ ಗಡಿಯಾರದ ಹನ್ನೆರಡು ಕಳೆದು ಒಂದೂಕಾಲು ಗಳಿಗೆಯ ಆಸುಪಾಸಿನಲ್ಲಿ ನೆತ್ತಿಗೇರುತ್ತಾನೆ. ಅದನ್ನು ಗಮನಿಸುವವರೇ ಇಲ್ಲ. ರಾಹುಕಾಲವನ್ನು ಮಾತ್ರ ಜನ ಬಿಟ್ಟಿಲ್ಲ. ಒಂದೂವರೆ ಗಂಟೆ ಎಂದು ಉರುಹೊಡೆದಿದ್ದಾರೆ. ಅದು ಹಗಲಿನ ಎಂಟನೆಯ ಒಂದು ಪಾಲು. ಹಗಲು ಸರಿಯಾಗಿ 30 ಗಳಿಗೆ ಇದ್ದಾಗ ಮೂರೂಮುಕ್ಕಾಲು ಗಳಿಗೆ. ಬೇಸಿಗೆಯಲ್ಲಿ ಬೆಂಗಳೂರಿನ ಹಗಲು 32 ಗಳಿಗೆ ದಾಟುವಾಗ ಆ ಪಾಲೂ ಹಿಗ್ಗಬೇಕು. ನಂಬಿಕೆ ಉಳಿಯಿತು, ಅದರ ಬೆನ್ನಿಗಿದ್ದ ಗಣಿತ ಹೋಯಿತು. ನನ್ನನ್ನು ಕೇಳಿದರೆ, ಉಳಿಯಬೇಕಾದದ್ದು ಗಣಿತ.

ಈಚೆಗೆ ಅಣ್ಣನ ಮಗಳು ತಾತನ ಜಾತಕದ ಹಾಳೆ ಹಿಡಿದು ಬಂದಳು. ‘ಉದಯಾದಿ ಗತ ಘಟಿ 12, ವಿಘಟಿ 30’ ಎಂದು ಬರೆದಿತ್ತು. ‘ತಾತ ಹುಟ್ಟಿದ್ದು ಹನ್ನೆರಡೂವರೆಗಾ, ಚಿಕ್ಕಪ್ಪಾ?’ ಎಂದು ಕೇಳಿದಳು. ಹನ್ನೆರಡೂವರೆ ಗಳಿಗೆಯನ್ನು 24ರಿಂದ ಗುಣಿಸು ಎಂದೆ. 300 ನಿಮಿಷ, ಸೂರ್ಯ ಮೂಡಿ ಐದು ಗಂಟೆಗೆ ಹುಟ್ಟಿದ್ದು. ‘ಹಾಗಾದರೆ ಅವತ್ತು ಅವರ ಊರಲ್ಲಿ ಸೂರ್ಯ ಎಷ್ಟಕ್ಕೆ ಹುಟ್ಟಿದ?’ ಎಂದು ಅವಳೇ ಮುಂದಿನ ಪ್ರಶ್ನೆ ಕೇಳಿದಳು. ಈಗ ಹಲವು ಪಂಚಾಂಗಗಳಲ್ಲಿ ಗಂಟೆ-ನಿಮಿಷ ಬಂದು ಘಟಿ-ವಿಘಟಿಯ ಅಂಕಣವನ್ನೇ ತೆಗೆದಿದ್ದಾರೆ. ಗಂಟೆ-ನಿಮಿಷ ಇರಲಿ, ಪಕ್ಕದಲ್ಲಿ ಅದಕ್ಕೂ ಒಂದು ಬೆರಳಗಲ ಜಾಗ ಕೊಡಲಿ. ಯುಗಾದಿಗೆ ಅಂಗಡಿಗೆ ಹೋದಾಗ ಆ ಅಂಕಣ ಇದೆಯೇ ಎಂದು ತೆರೆದು ನೋಡಿಯೇ ನಾನು ಪಂಚಾಂಗ ಕೊಳ್ಳುವುದು.