ಹಿಮ್ಮಡಿಗೆ ಮುರುಗಲು ತುಪ್ಪ

ಶಿರಸಿ, ಸಿದ್ದಾಪುರದ ಅಡಿಕೆ ತೋಟಗಳ ಮೇಲೆ ಮಾಗಿಯ ಇಬ್ಬನಿ ಇಳಿಯಿತೆಂದರೆ ಮನೆಮಂದಿಯ ಹಿಮ್ಮಡಿಗಳು ಬಿರಿಯತೊಡಗುತ್ತವೆ. ಆಗ ಹಳೆಯ ಮನೆಗಳ ಅಟ್ಟದಿಂದ ಮುರುಗಲು ತುಪ್ಪದ ಗಟ್ಟಿ ಉಂಡೆ ಕೆಳಗಿಳಿಯುತ್ತದೆ. ಹೆಸರಷ್ಟೇ ತುಪ್ಪ, ಹಾಲಿಗೂ ಇದಕ್ಕೂ ನಂಟಿಲ್ಲ.

ಏಪ್ರಿಲ್–ಮೇ ತಿಂಗಳಲ್ಲಿ ಕೆಂಪಗೆ ಹಣ್ಣಾಗುವ ಮುರುಗಲಿನ ಸಿಪ್ಪೆ ಪಾನಕಕ್ಕೆ, ಸಾರಿಗೆ, ಬೀಜ ತುಪ್ಪಕ್ಕೆ. ಒಣಗಿಸಿದ ಬೀಜವನ್ನು ಕುಟ್ಟಿ ನೀರಿನಲ್ಲಿ ಕುದಿಸಿದರೆ ಜಿಡ್ಡು ಮೇಲೆ ತೇಲುತ್ತದೆ. ತೆಗೆದು ಆರಿಸಿದರೆ ಮೇಣದಂತೆ ಗಟ್ಟಿಯಾಗುತ್ತದೆ. ರಾತ್ರಿ ಕಾಲು ತೊಳೆದು, ತೇವ ಪೂರ್ತಿ ಆರುವ ಮುನ್ನವೇ, ಉಗುರುಬೆಚ್ಚಗೆ ಕರಗಿಸಿ ಸವರುವುದು ವಾಡಿಕೆ. ಚರ್ಮದ ಪಸೆ ಹಾರಿಹೋಗದಂತೆ ಅದು ತಡೆಯುತ್ತದೆ, ಗುಟ್ಟು ಇಷ್ಟೇ. ಬಿರುಕಿನಲ್ಲಿ ರಕ್ತ, ಕೀವು ಕಂಡರೆ, ಸಕ್ಕರೆ ಕಾಯಿಲೆಯಿದ್ದರೆ ವೈದ್ಯರಲ್ಲಿಗೆ ಹೋಗುವುದೇ ಲೇಸು.

ಬೀಜ ಒಣಗಲು ಬಿಸಿಲು ಬೇಕು. ಮುಂಗಾರು ಬೇಗ ಬಂದರೆ ಹಣ್ಣು ಮರದಡಿಯಲ್ಲೇ ಕೊಳೆಯುತ್ತದೆ. ಮಳೆ ತಡವಾದರೂ ಕುಟ್ಟುವ ಕೈಗಳಿಲ್ಲದ ಮನೆಗಳಲ್ಲಿ ಬೀಜ ತಿಪ್ಪೆ ಸೇರುತ್ತದೆ. ಮಾಗಿ ಬಂದಾಗ ಅಲ್ಲಿ ಪೇಟೆಯ ಮುಲಾಮಿಗೆ ದುಡ್ಡು ತೆರುತ್ತಾರೆ; ಮರ ಹಿತ್ತಲಲ್ಲೇ ನಿಂತಿರುತ್ತದೆ.