ಮೇಲಿನ ಬೋಲ್ಟು

ಜೂನ್ ಬಂತೆಂದರೆ ತುಮಕೂರಿನ ಕ್ಯಾತ್ಸಂದ್ರದ ಆ ಮನೆಯಲ್ಲಿ ಯಾರಿಗೂ ಪುರುಸೊತ್ತಿರುವುದಿಲ್ಲ. ಮನೆಯ ಯಜಮಾನರು ನೋಟ್‌ಬುಕ್ಕು ಬೈಂಡ್ ಮಾಡಿಸಿ ಗುಬ್ಬಿ, ಕುಣಿಗಲ್‌ಗಳ ಅಂಗಡಿಗಳಿಗೆ ತಲುಪಿಸುವವರು. ಶಾಲೆ ಶುರುವಾಗುವ ಹೊತ್ತಿನ ಮೂರು ವಾರದ ಓಡಾಟವೇ ವರ್ಷದ ದುಡಿಮೆ. ಅದಕ್ಕಿರುವುದು 2003ರ ಒಂದು ಮಾರುತಿ ಓಮ್ನಿ. ಕಂಪನಿ 2019ರಲ್ಲಿ ಆ ವ್ಯಾನಿನ ತಯಾರಿಕೆಯನ್ನೇ ನಿಲ್ಲಿಸಿತು. ಇವರ ವ್ಯಾನು ಮಾತ್ರ ನಿಂತಿರಲಿಲ್ಲ. ಈ ಸಲ ಹೆಬ್ಬೂರು ದಾಟುವಷ್ಟರಲ್ಲಿ ಹಿಂಭಾಗದಿಂದ ಗುಂಯ್ ಎಂಬ ಸದ್ದು ಹೊರಟಿತು. ವೇಗ ಹೆಚ್ಚಿದಂತೆ ಸದ್ದೂ ಏರುತ್ತಿತ್ತು.

"ಡಿಫರೆನ್ಷಿಯಲ್ ಹೋಗಿದೆ ಸಾರ್, ಕ್ರೌನ್ ಪಿನಿಯನ್ ಪೂರ್ತಿ ಬದಲಾಯಿಸ್ಬೇಕು" ಎಂದ ಗ್ಯಾರೇಜಿನವನು 18,000 ರೂಪಾಯಿ ಲೆಕ್ಕ ಕೊಟ್ಟ. ಮಗಳ ದ್ವಿತೀಯ ಪಿಯುಸಿ ಫೀಜಿಗೆಂದು ಎತ್ತಿಟ್ಟಿದ್ದ ಹಣವೂ ಹೆಚ್ಚುಕಡಿಮೆ ಅಷ್ಟೇ. "ಅದರ ಆಯಿಲ್ ಬದಲಾಯಿಸಿದ್ದು ಯಾವಾಗಪ್ಪ?" ಎಂದು ಮಗಳು ಕೇಳಿದಾಗ ಅವರಿಗೆ ಉತ್ತರ ಹೊಳೆಯಲಿಲ್ಲ. ಎಂಜಿನ್ ಆಯಿಲನ್ನು ತಪ್ಪದೆ ಬದಲಾಯಿಸುವವರು ಕೂಡ ಹಿಂದಿನ ಆಕ್ಸಲಿನ ನಡುವೆ ಉಬ್ಬಿಕೊಂಡಿರುವ ಆ ಕಬ್ಬಿಣದ ಗುಂಡನ್ನು ಮರೆತೇಬಿಡುತ್ತಾರೆ.

ಅದರೊಳಗೆ ನಡೆಯುವ ಕೆಲಸವೋ ಬಲು ಸೊಗಸಿನದು. ವ್ಯಾನು ತಿರುಗುವಾಗ ಒಳಬದಿಯ ಚಕ್ರಕ್ಕಿಂತ ಹೊರಬದಿಯದು ಹೆಚ್ಚು ದೂರ ಓಡಬೇಕು. ಓಮ್ನಿಯ ಹಿಂದಿನ ಎರಡು ಚಕ್ರಗಳ ನಡುವಿನ ಅಂತರ ಸುಮಾರು 1.2 ಮೀಟರ್. ಅರ್ಧ ವೃತ್ತ ಸುತ್ತಿ ಬಂದ ದಾರಿಗೇ ತಿರುಗಿದರೆ ಹೊರಚಕ್ರ ಓಡುವ ಹೆಚ್ಚುವರಿ ದೂರ 3.14 × 1.2, ಅಂದರೆ ಸುಮಾರು 3.77 ಮೀಟರ್. ತಿರುವು ಚಿಕ್ಕದಿರಲಿ ದೊಡ್ಡದಿರಲಿ, ವ್ಯತ್ಯಾಸ ಅಷ್ಟೇ. ತ್ರಿಜ್ಯ ಲೆಕ್ಕದಲ್ಲಿ ಹೊಡೆದುಹೋಗುತ್ತದೆ. (ನಂಬಿಕೆ ಬಾರದ ವಿದ್ಯಾರ್ಥಿಗಳು ಕಾಗದದ ಮೇಲೆ ಮಾಡಿ ನೋಡಬಹುದು.) ಎರಡೂ ಚಕ್ರಗಳನ್ನು ಒಂದೇ ಸರಳಿಗೆ ಬಿಗಿದಿದ್ದರೆ ಯಾವುದಾದರೊಂದು ಟೈರು ನೆಲಕ್ಕೆ ಉಜ್ಜಲೇಬೇಕು. ಬಲವನ್ನು ಎರಡೂ ಕಡೆ ಹಂಚಿ, ವೇಗ ಮಾತ್ರ ಬೇರೆಬೇರೆ ಇರಲು ಬಿಡುವುದೇ ಡಿಫರೆನ್ಷಿಯಲ್. ಇದರ ಹಲ್ಲುಗಳು ಒಂದರ ಮೇಲೊಂದು ಉರುಳುವುದಷ್ಟೇ ಅಲ್ಲ, ಜಾರುತ್ತಲೂ ಇರುತ್ತವೆ. ಆ ಒತ್ತಡಕ್ಕೆ ಸಾಧಾರಣ ಎಣ್ಣೆಯ ಪೊರೆ ಹರಿದುಹೋಗುತ್ತದೆ. ಅದಕ್ಕೇ ಗಂಧಕ, ರಂಜಕದ ಸಂಯುಕ್ತಗಳನ್ನು ಬೆರೆಸಿದ ದಪ್ಪ ಗೇರ್ ಆಯಿಲ್ ಬೇಕು. ಡಬ್ಬಿಯ ಮೇಲೆ ಜಿಎಲ್-5 ಎಂದಿರುತ್ತದೆ.

ಭಾನುವಾರ ಅಪ್ಪ, ಮಗಳು ಕೆಲಸಕ್ಕಿಳಿದರು. ಎಣ್ಣೆ ಬಿಸಿಯಾಗಿ ತೆಳುವಾಗಲೆಂದು ವ್ಯಾನನ್ನು ಸ್ವಲ್ಪ ದೂರ ಓಡಿಸಿ ತಂದರು. ಸಮನೆಲದಲ್ಲಿ ನಿಲ್ಲಿಸಿ, ಒಂದೊಂದೇ ಚಕ್ರವನ್ನು ಜಾಕಿನಿಂದ ಎತ್ತಿ, ನಾಲ್ಕರ ಅಡಿಗೂ ಅಗಲವಾದ ಸೈಜುಗಲ್ಲು ಕೊಟ್ಟರು. ಬರೀ ಜಾಕನ್ನು ನಂಬಿ ಗಾಡಿಯ ಕೆಳಗೆ ತೂರುವುದು ಜೀವದ ಜೊತೆ ಚೆಲ್ಲಾಟ. ಸಿಮೆಂಟ್ ಇಟ್ಟಿಗೆಯೂ ಬೇಡ. ಹೇಳದೆ ಕೇಳದೆ ಒಡೆಯುತ್ತದೆ.

ಗುಂಡಿಗೆ ಎರಡು ಬೋಲ್ಟು. ತಳದ್ದು ಎಣ್ಣೆ ಇಳಿಸಲು, ಮೇಲಿನದು ತುಂಬಲು.

"ಮೊದಲು ಮೇಲಿನದು ಬಿಚ್ಚುತ್ತಾ ನೋಡಪ್ಪ."

"ಇಪ್ಪತ್ತು ವರ್ಷದಿಂದ ಗಾಡಿ ಓಡಿಸ್ತಿದೀನಿ ಕಣೇ. ಬೇಸಿನ್ ಹಿಡಿ."

ತಳದ ಬೋಲ್ಟು ಸಲೀಸಾಗಿ ಬಂತು. ಇಳಿದದ್ದು ಕಪ್ಪೆಣ್ಣೆಯಲ್ಲ, ಹಾಲು ಹೆಚ್ಚಾದ ಕಾಫಿಯಂಥ ದ್ರವ. ನೀರಿನ ಸೂಕ್ಷ್ಮ ಹನಿಗಳು ಎಣ್ಣೆಯಲ್ಲಿ ಹರಡಿ ಬೆಳಕನ್ನು ಚದುರಿಸಿದಾಗ ಬರುವ ಬಣ್ಣವದು. ಹಿಂದಿನ ಮಳೆಗಾಲದಲ್ಲಿ ಕುಣಿಗಲ್ ಹತ್ತಿರ ಆಕ್ಸಲು ಮುಳುಗುವಷ್ಟು ನೀರಿದ್ದ ಹಳ್ಳ ದಾಟಿದ್ದು ಯಜಮಾನರಿಗೆ ಆಗ ನೆನಪಾಯಿತು. ಬಿಸಿಯಾದ ಗುಂಡು ತಣ್ಣೀರಿಗಿಳಿದರೆ ಒಳಗಿನ ಗಾಳಿ ಕುಗ್ಗಿ, ಗಾಳಿಕಿಂಡಿಯಿಂದಲೋ ಸವೆದ ಸೀಲಿನಿಂದಲೋ ನೀರನ್ನು ಒಳಕ್ಕೆಳೆದುಕೊಳ್ಳುತ್ತದೆ. ಮಗಳು ಹಳೇ ಸ್ಪೀಕರಿನ ಅಯಸ್ಕಾಂತವನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಬೇಸಿನ್ನಿನಲ್ಲಿ ಆಡಿಸಿದಳು. ಬೂದು ಬಣ್ಣದ ನುಣ್ಣನೆಯ ಕೆಸರು ಅಂಟಿತು, ಅಷ್ಟೇ. ಹಲ್ಲಿನ ಚೂರು ಸಿಕ್ಕಿದ್ದರೆ ಗ್ಯಾರೇಜಿನವನ ಮಾತೇ ನಿಜವಾಗುತ್ತಿತ್ತು.

ಆಮೇಲೆ ಮೇಲಿನ ಬೋಲ್ಟಿಗೆ ಸ್ಪ್ಯಾನರ್ ಹಾಕಿದರು. ಅದು ಜಪ್ಪಯ್ಯ ಎಂದರೂ ಅಲುಗಲಿಲ್ಲ. ಎಣ್ಣೆಯಿಲ್ಲದ ವ್ಯಾನನ್ನು ಗ್ಯಾರೇಜಿಗೂ ಓಡಿಸುವಂತಿಲ್ಲ. ಸೋಮವಾರ ಬೆಳಿಗ್ಗೆ ಕುಣಿಗಲ್ಲಿಗೆ ಪುಸ್ತಕ ಹೋಗಲೇಬೇಕು. "ನಾನು ಹೇಳಲಿಲ್ವಾ" ಎಂದು ಮಗಳು ಅನ್ನಲಿಲ್ಲ. ಅಂದಿದ್ದರೇ ಅಪ್ಪನಿಗೆ ಹಗುರಾಗುತ್ತಿತ್ತೇನೋ.

ಗುಬ್ಬಿಯಲ್ಲಿ ತೆಂಗಿನ ತೋಟವಿರುವ ಸೋದರಮಾವನಿಗೆ ಫೋನು ಹೋಯಿತು. ಅವರದೊಂದು ಹಳೆಯ ಮಹೀಂದ್ರ ಜೀಪು. ನಾಲ್ಕು ಚಕ್ರಕ್ಕೂ ಎಂಜಿನ್ನಿನ ಬಲ ಹೋಗುವ ಬಗೆಯದಾದ್ದರಿಂದ ಇಂಥ ಗುಂಡು ಅದರಲ್ಲಿ ಮುಂದೊಂದು, ಹಿಂದೊಂದು. ಈ ಪಾಡು ಅವರಿಗೆ ಹೊಸದಲ್ಲ. ಸುಮಾರು 20 ಕಿಲೋಮೀಟರ್ ಬಸ್ಸಿನಲ್ಲಿ ಕಬ್ಬಿಣದ ಪೈಪು ಹಿಡಿದು ಬಂದ ಅವರನ್ನು ಕಂಡಕ್ಟರು ದಾರಿಯುದ್ದಕ್ಕೂ ಅನುಮಾನದಿಂದಲೇ ನೋಡಿದನಂತೆ.

"ಮೇಲಿಂದು ಮೊದಲು ಬಿಚ್ಚಬೇಕಲ್ವಾ ಭಾವ?"

"ಹೂಂ, ಇವಳೂ ಹೇಳಿದ್ಲು" ಎಂದರು ಯಜಮಾನರು, ಮಗಳ ಮುಖ ನೋಡದೆ.

ತುಕ್ಕು ಬಿಡಿಸುವ ಎಣ್ಣೆ ಬಿಟ್ಟು ಅರ್ಧ ಗಂಟೆ ಕಾದರು. ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದರು. ಬೋಲ್ಟಿನ ಮೂಲೆ ಸವೆಯದಂತೆ ರಿಂಗ್ ಸ್ಪ್ಯಾನರ್ ಹಾಕಿ, ಅದರ ಹಿಡಿಗೆ ಪೈಪು ತೊಡಿಸಿದರು. 20 ಸೆಂಟಿಮೀಟರ್ ಹಿಡಿ 60 ಆದರೆ ಅದೇ ಕೈಬಲಕ್ಕೆ ಮೂರು ಪಟ್ಟು ತಿರುಚುವ ಶಕ್ತಿ. ಹೈಸ್ಕೂಲಿನ ಸನ್ನೆಯ ಪಾಠವೇ. ಕಟ್ ಎಂದಿತು. ಮುರಿಯಿತೆಂದೇ ಮೂವರೂ ಹೆದರಿದರು. ತುಕ್ಕು ಬಿಟ್ಟಿತ್ತು.

ಮುಂದಿನದು ಸುಲಭ. ತಳದ ಬೋಲ್ಟು ಬಿಗಿದು, ಹೊಸ ಎಣ್ಣೆಯ ಡಬ್ಬಿಯನ್ನು ಬಿಸಿನೀರಿನಲ್ಲಿ ಕೂರಿಸಿ ತೆಳುವಾಗಿಸಿ, ಆಲಿಕೆಗೆ ಪ್ಲಾಸ್ಟಿಕ್ ನಳಿಗೆ ಸಿಕ್ಕಿಸಿ ಎತ್ತರದಿಂದ ಸುರಿದರು. ಒಂದು ಲೀಟರಿಗೂ ಸ್ವಲ್ಪ ಹೆಚ್ಚೇ ಹಿಡಿಯಿತು. ಮೇಲಿನ ತೂತಿನಿಂದ ತೊಟ್ಟಿಕ್ಕಿದಾಗ ನಿಲ್ಲಿಸಿದರೆ ಸರಿಯಾದ ಮಟ್ಟ. ವ್ಯಾನನ್ನು ಸಮನಾಗಿ ನಿಲ್ಲಿಸಿದ್ದು ಇದಕ್ಕೇ. ಹಳೇ ಎಣ್ಣೆಯನ್ನು ಗೆದ್ದಲಿಗೆಂದು ಬೇಲಿ ಬುಡಕ್ಕೆ ಸುರಿಯುವವರಿದ್ದಾರೆ. ಅದು ಕೊನೆಗೆ ಸೇರುವುದು ಬಾವಿಯ ನೀರನ್ನೇ. ಇವರು ಡಬ್ಬಿಗೆ ತುಂಬಿ, ಬಳಸಿದ ಎಣ್ಣೆ ಕೊಳ್ಳುವ ಅಂಗಡಿಗೆ ಕೊಟ್ಟರು.

ಸೋಮವಾರ ಹೆಬ್ಬೂರು ದಾಟಿದಾಗ ಮಗಳು ಹಿಂದೆ ಪುಸ್ತಕದ ಕಟ್ಟುಗಳ ನಡುವೆ ಕೂತು ಕಿವಿಗೊಟ್ಟಳು.

"ಹೇಗಿದೆ?"

"ಇನ್ನೂ ಇದೆಯಪ್ಪ. ಆದ್ರೆ ಮೊನ್ನೆಯಷ್ಟಿಲ್ಲ."

ಮೂಲೆಗಳಲ್ಲಿ ಉಳಿದ ನೀರು ಹೋಗಬೇಕಾದರೆ ಸಾವಿರ ಕಿಲೋಮೀಟರ್ ಓಡಿದ ಮೇಲೆ ಇನ್ನೊಮ್ಮೆ ಎಣ್ಣೆ ಬದಲಾಯಿಸಬೇಕೆಂದು ಮಾವ ಹೇಳಿದ್ದರು. ಸೀಲನ್ನೂ ಆಗಲೇ ನೋಡಿಸಬೇಕು. ಮಗಳು ಮೀಟರಿನ ಅಂಕಿಯನ್ನು ಕೇಳಿ ಬರೆದುಕೊಂಡಳು. ಫೀಜನ್ನು ಗುರುವಾರ ಕಟ್ಟಿದರು.